ಬೋರ್‌ವೆಲ್ ರೀಚಾರ್ಜ್ ಗುಂಡಿಗೆ ಕೆರೆ ನೀರು ಬಿಡಬಹುದಾ?

ಪ್ರಶ್ನೆ: ಮಾಲೂರು ಕಡೆ ಮಳೆ ನೀರು ಇಂಗಿಸಲು ಬೋರಿನ ಸುತ್ತ 10 ಅಡಿ ಚೌಕ, 10 ಅಡಿ ಆಳದ ಗುಂಡಿ ತೆಗೆಸುವುದಿದೆ. ಕೇಸಿಂಗ್‌ಗೆ (ಬೋರಿಗೆ ಇಳಿಸಿದ ಪೈಪಿಗೆ) ತೂತು ಎಲ್ಲಿ ಹಾಕಬೇಕು? ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು ತುಂಬಿದ ಕೆರೆ ಪಕ್ಕದಲ್ಲೇ ಇದೆ, ಅದನ್ನೇ ಬಿಟ್ಟರೆ?

ಉತ್ತರ 1: ತೂತು ಗುಂಡಿಯ ತಳದಿಂದ ಎರಡು-ಮೂರು ಅಡಿವರೆಗೆ ಸಾಕು. ತೂತಿನ ಮೇಲೆ ನೈಲಾನ್ ಜಾಲರಿ ಎರಡು ಸುತ್ತು ಬಿಗಿಯಾಗಿ ಕಟ್ಟಿ. ತಳಕ್ಕೆ ದಪ್ಪ ಕಲ್ಲು, ಆಮೇಲೆ 40 ಎಂ.ಎಂ. ಜಲ್ಲಿ, 20 ಎಂ.ಎಂ. ಜಲ್ಲಿ, ಕೊನೆಗೆ ತೊಳೆದ ಮರಳು. ಕೆಡುವುದು ಹೂಳಿನಿಂದ: ಹೊಲದ ಕೆಂಪು ನೀರು ನೇರ ನುಗ್ಗಿದರೆ ಮರಳಿನ ಮೇಲೆ ಗೋಡು ಪದರ ಕಟ್ಟಿ ಇಂಗುವುದೇ ನಿಂತುಹೋಗುತ್ತದೆ. ನೀರು ಬರುವ ದಾರಿಯಲ್ಲಿ, ಮುಂಚೆಯೇ ಹೂಳು ತಂಗಲು ಒಂದು ಹೂಳುಗುಂಡಿ ಇರಲೇಬೇಕು. ಬೇಸಿಗೆಯಲ್ಲಿ ಮೇಲಿನ ಮರಳು ಕೆರೆದು ತೊಳೆದು ಹಾಕಿ.

ಉತ್ತರ 2: ಕೆರೆ ನೀರು ಮಾತ್ರ ಬೇಡವೇ ಬೇಡ. ಅದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು. ಕೆರೆ ತಳದ ಮಣ್ಣಲ್ಲಿ ಸೋಸಿ ಇಳಿಯುವುದೇ ಬೇರೆ. ಕೇಸಿಂಗ್‌ಗೆ ಬಿಟ್ಟರೆ ನೈಟ್ರೇಟ್, ಬ್ಯಾಕ್ಟೀರಿಯಾ ಎಲ್ಲ ನೇರ ಬಂಡೆಯ ಬಿರುಕಿಗೆ. ಅಲ್ಲಿ ಸೋಸೋಕೆ ಏನಿದೆ?

ಪ್ರಶ್ನೆ: ಮಳೆ ನೀರು ಇಂಗಿಸಿದರೆ ಬೋರ್ ನೀರಿನ ಫ್ಲೋರೈಡ್ ಕಡಿಮೆ ಆಗುತ್ತಾ?

ಉತ್ತರ 1: ಬೆರೆತಷ್ಟು ತೆಳುವಾಗಬಹುದು, ಗ್ಯಾರಂಟಿ ಇಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಟೆಸ್ಟ್ ಮಾಡಿಸಿ. ಲೀಟರಿಗೆ 1.5 ಮಿ.ಗ್ರಾಂ. ದಾಟಿದ್ದರೆ ಕುಡಿಯಲು ಬಳಸಬೇಡಿ. ಕುದಿಸಿದರೂ ಹೋಗಲ್ಲ.