ಲೌಡನ್ ಕೌಂಟಿಯ ಮತದಾರರು ಪಕ್ಷ ಬದಲಿಸಿದ್ದು ಹೇಗೆ?

ಪ್ರಶ್ನೆ: ವಾಷಿಂಗ್ಟನ್ ಸಮೀಪದಲ್ಲಿರುವ, ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿ 2004ರಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಅವರನ್ನು ಗೆಲ್ಲಿಸಿತ್ತು, 2008ರಿಂದೀಚೆಗೆ ಅಧ್ಯಕ್ಷೀಯ ಚುನಾವಣೆಗಳಲ್ಲಿ ಸತತವಾಗಿ ಡೆಮಾಕ್ರಟಿಕ್ ಪಕ್ಷದ ಕೈ ಹಿಡಿದಿದೆ. ಹಳಬರು ಮನಸ್ಸು ಬದಲಿಸಿದರೇ, ಇಲ್ಲವೇ ಮತದಾರರೇ ಬೇರೆಯವರಾದರೇ?

ಉತ್ತರ 1: ಎರಡೂ ನಿಜ, ಆದರೆ ಎರಡನೆಯದರ ತೂಕವೇ ಹೆಚ್ಚೆಂದು ನನ್ನ ಅಭಿಪ್ರಾಯ. ಡಲೆಸ್ ವಿಮಾನ ನಿಲ್ದಾಣದ ಆಸುಪಾಸಿನ ಹೊಲಗಳು ಬಡಾವಣೆಗಳಾಗಿ, ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರುಗಳು ಸಾಲುಗಟ್ಟಿದಂತೆ, ಭಾರತೀಯರೂ ಸೇರಿದಂತೆ ಅಪಾರ ಸಂಖ್ಯೆಯ ಪದವೀಧರರು ಬಂದು ನೆಲೆಸಿದರು. 2000ದಲ್ಲಿ ಸುಮಾರು 1.7 ಲಕ್ಷವಿದ್ದ ಜನಸಂಖ್ಯೆ 2020ರ ಹೊತ್ತಿಗೆ 4.2 ಲಕ್ಷ ದಾಟಿತು. ಪಶ್ಚಿಮಕ್ಕೆ ಹೋದರೆ, ಕುದುರೆ ಲಾಯಗಳೂ ದ್ರಾಕ್ಷಿ ತೋಟಗಳೂ ಇರುವ ಕಡೆ, ಇಂದಿಗೂ ರಾಜಕೀಯದ ಗಾಳಿ ಬೇರೆಯೇ.

ಉತ್ತರ 2: ಹಾಗೆಂದು ಇದನ್ನು ಭದ್ರಕೋಟೆ ಎನ್ನಲಾಗದು. ಇಲ್ಲಿನ ಶಾಲಾ ಮಂಡಳಿಯ ಜಟಾಪಟಿ ದೇಶದ ಸುದ್ದಿಯಾದ 2021ರಲ್ಲಿ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್ ಈ ಕೌಂಟಿಯಲ್ಲಿ ಸೋತರೂ, 2020ರ ಅಧ್ಯಕ್ಷೀಯ ಚುನಾವಣೆಯಲ್ಲಿದ್ದ ಸೋಲಿನ ಅಂತರವನ್ನು ಬಹಳಷ್ಟು ತಗ್ಗಿಸಿ ಗವರ್ನರ್ ಹುದ್ದೆಗೇರಿದರು.

ಉತ್ತರ 3: ವರ್ಜೀನಿಯಾದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿಯಿಲ್ಲ; ಆದ್ದರಿಂದ ನಿಷ್ಠೆಯನ್ನು ಮತಗಟ್ಟೆವಾರು ಫಲಿತಾಂಶದಿಂದಲೇ ಊಹಿಸಬೇಕು. ನಮ್ಮ ಬೀದಿಯ ಒಂದು ಮನೆಯ ಅಂಗಳದಲ್ಲಂತೂ ಗಂಡನ ಪಕ್ಷದ ಫಲಕವೊಂದು, ಹೆಂಡತಿಯ ಪಕ್ಷದ್ದು ಇನ್ನೊಂದು!