ಸೆನ್ಸರಿ ಥೆರಪಿ: ಎಂಟು ತಿಂಗಳಾಯ್ತು, ಮುಂದುವರಿಸಲಾ ಬಿಡಲಾ?

ಮಂಡ್ಯದ ಅಮ್ಮ: ಮಗನಿಗೆ ಐದು ವರ್ಷ, ಆಟಿಸಂ ಇದೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಮುದ್ದೆ ಕೈಗೆ ಅಂಟಿದರೆ ತಟ್ಟೆಯನ್ನೇ ತಳ್ಳುತ್ತಾನೆ. ವಾರಕ್ಕೆರಡು ಸಲ ರೈಲು ಹತ್ತಿ ಮೈಸೂರಿನ ಒಂದು ಸೆಂಟರಿಗೆ ಸೆನ್ಸರಿ ಥೆರಪಿಗೆ, ಅಂದರೆ ಸದ್ದು, ಸ್ಪರ್ಶ ಇಂಥವಕ್ಕೆ ಮಗುವನ್ನು ಒಗ್ಗಿಸುವ ಚಿಕಿತ್ಸೆಗೆ, ಕರೆದುಕೊಂಡು ಹೋಗುತ್ತಿದ್ದೇನೆ. ಉಯ್ಯಾಲೆ, ದೊಡ್ಡ ಚೆಂಡು, ಮೈಗೆ ಬ್ರಷ್ ಉಜ್ಜುವುದು, ಅಷ್ಟೇ. ಏನು ಸುಧಾರಿಸಿದೆ ಅಂತ ಕೇಳಿದರೆ "ಟೈಮ್ ಬೇಕು ಮೇಡಂ" ಅನ್ನುತ್ತಾರೆ. ಸುಮ್ನೆ ದುಡ್ಡು ಸುರಿಯುತ್ತಿದ್ದೀನಾ?

ಕುವೆಂಪುನಗರ ಅಪ್ಪ: ನನ್ನ ಕೇಳಿದರೆ ಬಿಡಿ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ 138 ಆಟಿಸಂ ಮಕ್ಕಳ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ವರದಿ ಕೊಟ್ಟರು. ಆರು ತಿಂಗಳಾದ ಮೇಲೆ ನೋಡಿದರೆ, ಸಿಟ್ಟು, ಕಿರಿಕಿರಿ ವಿಷಯದಲ್ಲಿ ಈ ಥೆರಪಿ ಪಡೆದ ಮಕ್ಕಳಿಗೂ ಮಾಮೂಲಿ ಆರೈಕೆಯ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಇದಕ್ಕೆ ಪುರಾವೆ ಕಡಿಮೆ ಅಂತ ಹೇಳಿತ್ತು.

ಓಟಿ ಹುಡುಗಿ: ನಾನು ಓಟಿ, ಅಂದರೆ ದಿನನಿತ್ಯದ ಕೆಲಸ ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟ್. ಸರ್, ಅರ್ಧ ಹೇಳಿದಿರಿ. ಅದೇ ಸಂಘ, ಅಪ್ಪ ಅಮ್ಮಂದಿರಿಗೆ ತಿಳಿಸಿ, ಗುರಿ ಇಟ್ಟು, ಇಷ್ಟು ದಿನ ಅಂತ ನೋಡಿ ಪ್ರಯತ್ನಿಸಬಹುದು ಅಂತಲೂ ಹೇಳಿದೆ. 2014ರ ಅಮೆರಿಕದ ಒಂದು ಪರೀಕ್ಷೆಯಲ್ಲಿ ವಾರಕ್ಕೆ ಮೂರು ಸಲದಂತೆ ಹತ್ತು ವಾರ ಮಾಡಿದಾಗ, ಮನೆಯವರೇ ಆರಿಸಿದ ಗುರಿಗಳಲ್ಲಿ ಮಕ್ಕಳು ಮುಂದೆ ಬಂದರು. ಇದ್ದದ್ದು 32 ಮಕ್ಕಳು, ಚಿಕ್ಕದು ಅಂತ ಒಪ್ಪುತ್ತೇನೆ. ಈ ಥೆರಪಿ ರೂಪಿಸಿದ ಅಮೆರಿಕದ ಓಟಿ ಜೀನ್ ಏರ್ಸ್ ಎಪ್ಪತ್ತರ ದಶಕದಲ್ಲಿ ಹೇಳಿದ ಪದ್ಧತಿಯೇ ಬೇರೆ, ಅದರಲ್ಲಿ ಮಗು ತಾನೇ ಆಡಬೇಕು, ಸವಾಲು ಸ್ವಲ್ಪ ಸ್ವಲ್ಪ ಜಾಸ್ತಿಯಾಗಬೇಕು. ಸುಮ್ನೆ ಕೂರಿಸಿ ಬ್ರಷ್ ಉಜ್ಜಿದರೆ ಅದು ಆ ಥೆರಪಿ ಅಲ್ಲ, ಬ್ರಷ್‌ಗೆ ಗಟ್ಟಿ ಪುರಾವೆಯೂ ಇಲ್ಲ.

ಕುವೆಂಪುನಗರ ಅಪ್ಪ: ಫಲ ಬರದಿದ್ದರೆ "ಸರಿಯಾಗಿ ಮಾಡಿಲ್ಲ" ಅನ್ನುವುದು ಸುಲಭ ಅಲ್ವಾ! ನಾವೂ ಭಾರದ ಹೊದಿಕೆ, ಅಂದರೆ ಒಳಗೆ ತೂಕ ತುಂಬಿದ ರಗ್ಗು, ತಂದಿದ್ದೆವು. ಅದರಿಂದ ಆಟಿಸಂ ಮಕ್ಕಳ ನಿದ್ದೆ ಹೆಚ್ಚಲಿಲ್ಲ ಅಂತ ಒಂದು ಪರೀಕ್ಷೆ 2014ರಲ್ಲೇ ಹೇಳಿದೆ. ಈಗ ಅದರ ಮೇಲೆ ನಮ್ಮ ಬೆಕ್ಕು ಮಲಗುತ್ತದೆ.

ಓಟಿ ಹುಡುಗಿ: ಅದೇ ಪರೀಕ್ಷೆಯಲ್ಲಿ ಮಕ್ಕಳಿಗೂ ಮನೆಯವರಿಗೂ ಹೊದಿಕೆ ಇಷ್ಟವಾಗಿತ್ತು ಸರ್ 😄 ಹೋಗಲಿ. ಈಗ ನಮ್ಮಲ್ಲಿ ಹೆಚ್ಚಿನವರ ಒಲವು, ಬೇಕಾದ ಕೆಲಸವನ್ನೇ ಮನೆಯಲ್ಲಿ ಅಭ್ಯಾಸ ಮಾಡಿಸುವುದರ ಕಡೆಗಿದೆ. ಅಕ್ಕಾ, ನಿಮ್ಮ ಸೆಂಟರಿನವರು ಗುರಿ ಬರೆದು ಕೊಟ್ಟಿದ್ದಾರಾ?

ಮಂಡ್ಯದ ಅಮ್ಮ: ಇಲ್ಲಮ್ಮ. ಬಿಲ್ ಮಾತ್ರ ಕೊಟ್ಟಿದ್ದಾರೆ.

ಓಟಿ ಹುಡುಗಿ: ಹಾಗಾದರೆ ಕೇಳಿ. "ಸೆನ್ಸರಿ ಸುಧಾರಣೆ" ಅಂತ ಬರೆದರೆ ಒಪ್ಪಬೇಡಿ. "ಹತ್ತು ವಾರದಲ್ಲಿ ಮುದ್ದೆ ಮುಟ್ಟಿ ಎರಡು ತುತ್ತು ತಿನ್ನಬೇಕು" ಅನ್ನುವ ಥರ ಇರಲಿ. ಅಳುವಾಗ ಬಲವಂತವಾಗಿ ಕೈ ಅದ್ದಿಸಬೇಡಿ, ಮೊದಲು ಒಣ ರಾಗಿ ಹಿಟ್ಟಿನಲ್ಲಿ ಆಡಲಿ, ಆಮೇಲೆ ನೀರು ಬೆರೆಸಿ. ಕುಕ್ಕರ್ ಇಡುವ ಮುಂಚೆ ಹೇಳಿ, ಬೇಕಿದ್ದರೆ ಕಿವಿಗೆ ಸದ್ದು ತಗ್ಗಿಸುವ ಇಯರ್‌ಮಫ್ ಹಾಕಿ. ಅದೇನೂ ಸೋಲಲ್ಲ.

ಕುವೆಂಪುನಗರ ಅಪ್ಪ: ಇದಕ್ಕೆ ನನ್ನ ತಕರಾರಿಲ್ಲ. ಆದರೆ ಇದಕ್ಕೆ ಉಯ್ಯಾಲೆ ಯಾಕೆ ಬೇಕು?

ಮಂಡ್ಯದ ಅಮ್ಮ: ಉಯ್ಯಾಲೆ ಅಂದರೆ ಅವನಿಗೆ ಪ್ರಾಣ ಸರ್, ಅದೊಂದು ಇರಲಿ. ಗುರುವಾರ ಹೋಗಿ ಬರೆದು ಕೊಡಿ ಅಂತ ಕೂತುಕೊಳ್ಳುತ್ತೇನೆ. ಕೊಡದಿದ್ದರೆ ಆ ರೈಲು ಟಿಕೆಟ್ ದುಡ್ಡಲ್ಲಿ ಮನೆ ತೊಲೆಗೇ ಒಂದು ಉಯ್ಯಾಲೆ ಕಟ್ಟಿಸುತ್ತೇನೆ.