ಡಿಐ ಜೀಪು: ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹ್ಯಾಂಡ್ ಪಂಪ್ ಹೊಡೆಯದೆ ಸ್ಟಾರ್ಟ್ ಆಗ್ತಿಲ್ಲ

ಪ್ರಶ್ನೆ – ಸಕಲೇಶಪುರದ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 1999ರ ಮಹೀಂದ್ರ ಜೀಪು, ಫೋರ್ ವೀಲ್ ಡ್ರೈವ್, 2523 ಸಿಸಿ ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಸಿಂಪಡಿಸುವ) ಇಂಜಿನ್. ಅಪ್ಪ ತಗೊಂಡಿದ್ದು. ತೋಟಕ್ಕೆ ಗೊಬ್ಬರ, ಕಾಫಿ ಮೂಟೆ, ಪೈಪು ಎಲ್ಲಾ ಇದರಲ್ಲೇ ಹೋಗಬೇಕು. ನಮ್ಮ ದಾರಿಗೆ ಬೇರೆ ಗಾಡಿ ಬರುವುದಿಲ್ಲ.

ತೊಂದರೆ ಬೆಳಿಗ್ಗೆ ಮಾತ್ರ. ಸೆಲ್ಫ್ ಹೊಡೆದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಸ್ಟಾರ್ಟೂ ಆಗುತ್ತದೆ. ಐದಾರು ಸೆಕೆಂಡು ಓಡಿ ಆಫ್. ಆಮೇಲೆ ಎಷ್ಟು ಹೊಡೆದರೂ ಇಲ್ಲ. ಬಾನೆಟ್ ಎತ್ತಿ, ಕೈಯಿಂದ ಡೀಸೆಲ್ ಎಳೆದು ಕೊಡುವ ಹ್ಯಾಂಡ್ ಪಂಪನ್ನು ಮೂವತ್ತು, ನಲವತ್ತು ಸಲ ಒತ್ತಿದರೆ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಸಂಜೆವರೆಗೂ ಚಿಂತೆಯಿಲ್ಲ.

ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ ಮೋಟರಿಗೆ ಕಾರ್ಬನ್ ಬ್ರಷ್ ಆಯಿತು. ಡೀಸೆಲ್ ಫಿಲ್ಟರ್ ಎರಡೂ ಹೊಸದು. ಈಗ ಮೆಕ್ಯಾನಿಕ್ ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ದೊಡ್ಡ ಪಂಪು, ಅದನ್ನು ಸಿಂಪಡಿಸುವ ನಾಝಲ್ ಎರಡೂ ಬಿಚ್ಚಿ ಸರ್ವಿಸ್ ಮಾಡಿಸಬೇಕು ಅಂತಾರೆ. ಇನ್ನೊಬ್ಬರು ಇಂಜಿನ್ನೇ ಬದಲಾಯಿಸಿ, ಜೊತೆಗೆ ಪವರ್ ಸ್ಟೀರಿಂಗ್, ದೊಡ್ಡ ಟೈರು ಹಾಕಿಬಿಡಿ ಅಂತಾರೆ. ಯಾವುದು ಮೊದಲು? ಅನುಭವ ಇರೋರು ಹೇಳಿ.

ಉತ್ತರ – ಚಿಕ್ಕಮಗಳೂರಿನಿಂದ

ಪಂಪಿಗೆ ಈಗಲೇ ಕೈ ಹಾಕಿಸಬೇಡಿ. ಮೊದಲು ಮೂರು ವಿಷಯ ನೋಡಿ ಹೇಳಿ.

ಆಫ್ ಆದಮೇಲೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಾ? ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ತಲುಪುತ್ತಿಲ್ಲ.

ಶೆಡ್ಡಿನಲ್ಲಿ ಜೀಪಿನ ಮೂತಿ ಯಾವ ಕಡೆ, ಏರಿಗಾ ಇಳಿಜಾರಿಗಾ? ಟ್ಯಾಂಕ್ ತುಂಬಿದ್ದ ದಿನ ತೊಂದರೆ ಕಮ್ಮಿ ಇರುತ್ತಾ?

ಅಲ್ಲಿಯವರೆಗೆ ಏರ್ ಫಿಲ್ಟರ್ ಹತ್ತಿರ ಬಟ್ಟೆ ಸುಟ್ಟು ಸ್ಟಾರ್ಟ್ ಮಾಡೋದು, ಪೆಟ್ರೋಲ್ ಹಾಕೋದು ಬೇಡವೇ ಬೇಡ. ನಮ್ಮ ಕಡೆ ಈ ಅಭ್ಯಾಸ ಜಾಸ್ತಿ. ಪಿಸ್ಟನ್ ಹೋಗುತ್ತದೆ, ಕೈಯೂ ಸುಡುತ್ತದೆ. ಸೆಲ್ಫನ್ನೂ ಒಂದೇ ಸಮನೆ ಹೊಡೆಯಬೇಡಿ. ಹತ್ತು ಸೆಕೆಂಡು ಹೊಡೆದು ಅರ್ಧ ನಿಮಿಷ ಬಿಡಿ.

ಪ್ರಶ್ನೆ ಕೇಳಿದವರು

ಅಣ್ಣಾ, ಇವತ್ತು ನೋಡಿದೆ. ಹೊಗೆ ಸ್ವಲ್ಪವೂ ಇಲ್ಲ. ಶೆಡ್ಡಿನಲ್ಲಿ ಮೂತಿ ಏರಿನ ಕಡೆ. ಟ್ಯಾಂಕ್ ತುಂಬಿದ್ದಾಗ ಎರಡು ದಿನ ಸರಿ ಇತ್ತು, ಅದನ್ನು ನಾನು ಹೊಸ ಬ್ಯಾಟರಿಯ ಗುಣ ಅಂದುಕೊಂಡಿದ್ದೆ. ಕಣದ ಹತ್ತಿರ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ ರಾತ್ರಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು.

ಉತ್ತರ – ಚಿಕ್ಕಮಗಳೂರಿನಿಂದ

ಹಾಗಾದರೆ ಲೈನಿನಲ್ಲಿ ಏರ್ ಹಿಡಿಯುತ್ತಿದೆ. ಇದು ಟ್ರ್ಯಾಕ್ಟರ್ ಇಂಜಿನ್ನಿನ ವಂಶದ್ದು, ಸ್ಟಾರ್ಟಿಗೆ ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್ ಇಲ್ಲ. ಕಂಪ್ರೆಶನ್ ಇದ್ದು ಡೀಸೆಲ್ ಸಿಕ್ಕಿದರೆ ಸ್ಟಾರ್ಟ್ ಆಗಲೇಬೇಕು.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ದೊಡ್ಡ ಪಂಪಿಗೆ ಡೀಸೆಲ್ ತಂದು ಕೊಡುವ ಸಣ್ಣ ಪಂಪು) ಡೀಸೆಲ್ಲನ್ನು ಎಳೆದುಕೊಳ್ಳಬೇಕು. ಆ ಭಾಗದಲ್ಲಿ ಸಣ್ಣ ತೂತಿದ್ದರೆ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಮೂತಿ ಮೇಲೆ, ಟ್ಯಾಂಕ್ ಕೆಳಗೆ. ತೂತಿನಿಂದ ಗಾಳಿ ಬಂದ ಹಾಗೆ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪಿನಲ್ಲಿ ಉಳಿದಿದ್ದರಲ್ಲಿ ಐದು ಸೆಕೆಂಡು ಓಡಿ ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದರೆ ಡೀಸೆಲ್ ಮಟ್ಟವೇ ಮೇಲಿರುತ್ತದೆ, ಅಷ್ಟು ಇಳಿಯುವುದಿಲ್ಲ.

ಖಚಿತ ಮಾಡಿಕೊಳ್ಳಲು ಒಂದು ಕ್ಯಾನು, ಎರಡು ಮೀಟರ್ ಪಾರದರ್ಶಕ ಪೈಪು ಸಾಕು. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ. ಅಲ್ಲಿಗೆ ಪಾರದರ್ಶಕ ಪೈಪ್ ಕಟ್ಟಿ, ಇನ್ನೊಂದು ತುದಿ ಕ್ಯಾನಿನ ಡೀಸೆಲ್ಲಿಗೆ. ಕ್ಯಾನು ನೆಲದ ಮೇಲೇ ಇರಲಿ. ಬಾನೆಟ್ ಮೇಲೆ ಇಟ್ಟರೆ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ತೂತಿದ್ದರೂ ಗೊತ್ತಾಗುವುದಿಲ್ಲ. ಏರ್ ತೆಗೆದು ಹತ್ತು ನಿಮಿಷ ಓಡಿಸಿ, ರಾತ್ರಿ ಹಾಗೇ ಬಿಡಿ.

ಬೆಳಿಗ್ಗೆ ಸ್ಟಾರ್ಟ್ ಆಗಿ ಆಫ್ ಆಗದೆ ಓಡುತ್ತಿದ್ದರೆ ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಆಗಲೂ ಆಫ್ ಆದರೆ ಫೀಡ್ ಪಂಪಿನ ವಾಲ್ವು, ಹ್ಯಾಂಡ್ ಪಂಪಿನ ಸೀಲು, ಫಿಲ್ಟರಿನ ವಾಷರು ನೋಡಬೇಕು. ಫಿಲ್ಟರ್ ಬದಲಾಯಿಸಿದಾಗ ತಾಮ್ರದ ವಾಷರ್ ಹೊಸದು ಹಾಕಿದ್ದರಾ ಕೇಳಿ. ಹಳೇದನ್ನೇ ಹಾಕಿದ್ದರೆ ಅದೂ ಒಂದು ಅನುಮಾನ.

ಏರ್ ತೆಗೆಯುವಾಗ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂಗೂ ಹೀಗೇ ಮಾಡಿ. ನಾಝಲ್ ಪೈಪಿನ ಹತ್ತಿರ ಕೈ ಇಡಬೇಡಿ. ಅಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ, ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಪ್ರಶ್ನೆ ಕೇಳಿದವರು

ಅಣ್ಣಾ, ಕ್ಯಾನಿನಿಂದ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್! ಹತ್ತು ನಿಮಿಷ ಓಡಿತು, ಆಫ್ ಆಗಲಿಲ್ಲ. ಆದರೆ ಟ್ಯಾಂಕಿನ ಪೈಪು ಪೂರ್ತಿ ಕೈಯಾಡಿಸಿ ನೋಡಿದೆ, ಎಲ್ಲೂ ಒದ್ದೆ ಇಲ್ಲ.

ಉತ್ತರ – ಚಿಕ್ಕಮಗಳೂರಿನಿಂದ

ಪೈಪನ್ನು ಮತ್ತೆ ಜೋಡಿಸಿ. ಟ್ಯಾಂಕ್ ತುಂಬಿಸಿ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕಿನ ಜೊತೆ ಚಕ್ರಕ್ಕೆ ಕಲ್ಲು ಕೊಡಿ. ಈಗ ಡೀಸೆಲ್ ತೂತಿನಿಂದ ಹೊರಗೆ ಬರಬೇಕು. ಪೈಪನ್ನು ಒರೆಸಿ ಒಣಗಿಸಿ, ಉದ್ದಕ್ಕೂ ಕೆಳಗೆ ನ್ಯೂಸ್ ಪೇಪರ್ ಹಾಸಿ. ಚಾಸಿಗೆ ಪೈಪ್ ಹಿಡಿದಿರುವ ಕ್ಲಾಂಪುಗಳನ್ನು ಬಿಚ್ಚಿ ನೋಡಲೇಬೇಕು. ಕ್ಲಾಂಪಿನೊಳಗೆ ಕೆಸರು ಸೇರಿದರೆ ಮಳೆಗಾಲ ಪೂರ್ತಿ ಒದ್ದೆಯಾಗೇ ಇರುತ್ತದೆ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಹಿಂದಿನಿಂದ ಎರಡನೇ ಕ್ಲಾಂಪು. ಬಿಚ್ಚಿದರೆ ಒಳಗೆ ಕೆಮ್ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಉಗುರಲ್ಲಿ ಕೆರೆದೆ, ತುಕ್ಕು ಪದರವಾಗಿ ಎದ್ದು ಬಂತು. ಅದರಡಿ ಸೂಜಿ ಮೊನೆಯಷ್ಟು ತೂತು. ನೋಡುತ್ತಿದ್ದ ಹಾಗೆ ಒಂದು ಹನಿ ಡೀಸೆಲ್ ಕಟ್ಟಿಕೊಂಡು ಪೇಪರಿಗೆ ಬಿತ್ತು. ಇಷ್ಟಕ್ಕೆ ಹೊಸ ಬ್ಯಾಟರಿ ಹಾಕಿಸಿದೆನಲ್ಲ ಅಂತ ಬೇಜಾರಾಯಿತು. ಈಗ ಎಂ-ಸೀಲ್ ಹಚ್ಚಲಾ?

ಉತ್ತರ – ಚಿಕ್ಕಮಗಳೂರಿನಿಂದ

ಮನೆ ಮುಟ್ಟುವವರೆಗೆ ಮಾತ್ರ. ಒಂದು ಕಡೆ ತೂತಾಗಿದ್ದರೆ ಉಳಿದ ಕ್ಲಾಂಪಿನಡಿಯೂ ಅದೇ ಕಥೆ. ಪೂರ್ತಿ ಪೈಪು ಹೊಸದು ಹಾಕಿಸಿ. ಹಳೇ ಪೈಪನ್ನು ಬಗ್ಗಿಸದೆ ಬಿಚ್ಚಿ, ಅದನ್ನೇ ಅಳತೆಗೆ ಕೊಡಿ. ಕ್ಲಾಂಪ್ ಕೂರುವ ಕಡೆ ರಬ್ಬರ್ ಸುತ್ತಿ. ನಡುವೆ ರಬ್ಬರ್ ಪೈಪ್ ಬರುವ ಕಡೆ ಡೀಸೆಲ್ಲಿಗೆ ಅಂತಲೇ ಸಿಗುವುದನ್ನು ಹಾಕಿ, ನೀರಿನ ಪೈಪು ಊದಿಕೊಂಡು ಮೆತ್ತಗಾಗುತ್ತದೆ. ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೇದನ್ನು ಕೆಂಪಗೆ ಕಾಯಿಸಿ ಆರಿಸಿ, ಮತ್ತೆ ಮೆತ್ತಗಾಗಿ ಸರಿಯಾಗಿ ಕೂರುತ್ತದೆ.

ಇನ್ನು ನಿಮ್ಮ ಬೇರೆ ಪ್ರಶ್ನೆಗಳು. ಇಂಜಿನ್ ಬದಲಾವಣೆ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಇಲ್ಲದೆ ಅದನ್ನು ಮಾಡುವಂತಿಲ್ಲ. ನಿಮ್ಮ ಗಾಡಿಗೆ ಹದಿನೈದು ವರ್ಷ ದಾಟಿದೆ, ಆರ್‌ಸಿ ರಿನೀವಲ್ಲಿಗೆ ಹೋದಾಗ ಇಂಜಿನ್ ನಂಬರ್ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತೀರಿ. ಅದಕ್ಕಿಂತ ಹೆಚ್ಚಾಗಿ, ಚೆನ್ನಾಗಿರುವ ಇಂಜಿನ್ ಅದು. ನಿಮ್ಮ ಅಪ್ಪ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದಾರೆ.

ಪವರ್ ಸ್ಟೀರಿಂಗಿಗೆ ಮೊದಲು ಮುಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು, ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಆಡುತ್ತಿದ್ದರೆ ಚಕ್ರ ತಿರುಗಿಸುವ ಕೀಲುಗಳಾದ ಕಿಂಗ್ ಪಿನ್, ಟೈ ರಾಡ್ ಎಂಡ್, ಜೊತೆಗೆ ಬೇರಿಂಗ್ ಮಾಡಿಸಿ. ಸವೆದ ಸ್ಟೀರಿಂಗಿಗೆ ಪವರ್ ಕೂರಿಸಿದರೆ ಸವೆತ ಮುಚ್ಚಿಹೋಗುತ್ತದೆ ಅಷ್ಟೆ. ಟೈರು ಕಂಪನಿ ಅಳತೆಯದ್ದೇ ಇರಲಿ. ದೊಡ್ಡದು ಹಾಕಿದರೆ ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ, ಏರಿನಲ್ಲಿ ಎಳೆತ ಕಮ್ಮಿಯಾಗುತ್ತದೆ, ಬ್ರೇಕಿಗೆ ಭಾರ. ಆ ದುಡ್ಡನ್ನು ಬ್ರೇಕಿಗೆ ಹಾಕಿ.

ಇನ್ನೊಬ್ಬರು – ಮಡಿಕೇರಿಯಿಂದ

ಒಂದು ಮಾತು ಸೇರಿಸುತ್ತೇನೆ. ಹಳ್ಳ ದಾಟುವ ಜೀಪಾದರೆ ಆಕ್ಸಲ್ ಬ್ರೀದರಿಗೆ (ಆಕ್ಸಲ್ಲಿನೊಳಗಿನ ಗಾಳಿ ಹೋಗಿ ಬರುವ ರಂಧ್ರ) ಉದ್ದದ ಪೈಪ್ ಹಾಕಿ ಮೇಲಕ್ಕೆ ತಂದು ಕಟ್ಟಿ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿ ನೋಡಿ, ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ. ಕೂಡಲೇ ಬದಲಾಯಿಸಿ.

ಪ್ರಶ್ನೆ ಕೇಳಿದವರು

ಪೈಪು ಪೂರ್ತಿ ಹೊಸದಾಯಿತು. ಉಳಿದ ಕ್ಲಾಂಪುಗಳಲ್ಲಿ ಇನ್ನೂ ಎರಡರ ಅಡಿ ತುಕ್ಕು ತಿಂದಿತ್ತು. ಐದು ದಿನದಿಂದ ಅದೇ ಶೆಡ್ಡು, ಮೂತಿ ಏರಿಗೇ, ಟ್ಯಾಂಕ್ ಅರ್ಧ. ಹ್ಯಾಂಡ್ ಪಂಪ್ ಮುಟ್ಟಿಲ್ಲ. ಹಿಂದಿನ ಆಕ್ಸಲ್ ಆಯಿಲ್ ಬಿಚ್ಚಿದೆ, ಮಡಿಕೇರಿಯವರು ಹೇಳಿದ ಬಣ್ಣವೇ ಇತ್ತು. ಬದಲಾಯಿಸಿ ಬ್ರೀದರ್ ಪೈಪ್ ಕಟ್ಟಿದ್ದೇನೆ. ಭಾನುವಾರ ಮುಂದಿನ ಚಕ್ರ ಎತ್ತಿ ನೋಡುತ್ತೇನೆ.